ಕಾಮಸಮುದ್ರದ ಮಕ್ಕಳಿಗೆ ಕಡಲಿನ ಪಾಠ

ಬಂಗಾರಪೇಟೆಯಿಂದ ಚೆನ್ನೈಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಕಾಮಸಮುದ್ರವೆಂಬ ಸಣ್ಣ ನಿಲ್ದಾಣವಿದೆ. ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿಗೆ ಹೆಸರು ಕೊಟ್ಟ ಊರು ಅದು. ಹೆಸರಿನ ಉತ್ತರಪದ ಸಮುದ್ರ. ಆದರೆ ಊರಿನ ಯಾವ ದಿಕ್ಕಿಗೆ ನಿಂತು ನೋಡಿದರೂ ಕಾಣುವುದು ಬಂಡೆಗುಡ್ಡ, ರಾಗಿಯ ಹೊಲ, ಹುಣಿಸೆಯ ಮರ, ಮಳೆ ಕೃಪೆ ಮಾಡಿದ ವರ್ಷ ಕೆರೆಯ ನೀರು. ನಮ್ಮ ನಾಡಿನ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದರು. ಹೊಯ್ಸಳರ ರಾಜಧಾನಿಯಾಗಿದ್ದ ಇಂದಿನ ಹಳೇಬೀಡು ದೋರಸಮುದ್ರವೆನಿಸಿದ್ದೂ ಕೆರೆಯಿಂದಲೇ. ಕೆರೆಯನ್ನು ಸಮುದ್ರವೆನ್ನುವುದನ್ನು ಅಲಂಕಾರಶಾಸ್ತ್ರಜ್ಞರು ಅತಿಶಯೋಕ್ತಿಯ ಪಟ್ಟಿಗೆ ಸೇರಿಸಿಯಾರು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆಯಲ್ಲಿ ಮಣ್ಣು ಹೊತ್ತು ಏರಿ ಹಾಕಿದವನಿಗೆ, ಮೊದಲ ಸಲ ಕೋಡಿ ಹರಿದ ದಿನ ಕಣ್ಣೆದುರು ಕಂಡದ್ದು ಸಮುದ್ರವೇ ಆಗಿದ್ದಿತು. ಅದು ಅತಿಶಯೋಕ್ತಿಯಲ್ಲ, ಸ್ವಭಾವೋಕ್ತಿ.

ಇಂಥ ಊರಿನ ಪ್ರಾಥಮಿಕ ಶಾಲೆಯ ಮಗುವಿಗೆ ಕಡಲ ಜೀವಿಗಳ ವಿಷಯವನ್ನು ಹೇಗೆ ಕಲಿಸಬೇಕು? ಪಠ್ಯಪುಸ್ತಕದಲ್ಲಿ ತಿಮಿಂಗಿಲದ ಚಿತ್ರವಿರುತ್ತದೆ, ನಕ್ಷತ್ರಮೀನಿನ ಚಿತ್ರವಿರುತ್ತದೆ. ನಾಲ್ಕನೆಯ ತರಗತಿಯ ಬಾಲಕ 'ಸಮುದ್ರದ ನೀರು ಉಪ್ಪಾಗಿರುತ್ತದೆ' ಎಂದು ಬರೆದು ಪೂರ್ಣ ಅಂಕವನ್ನು ಪಡೆಯುತ್ತಾನೆ. ಎಷ್ಟು ಉಪ್ಪು ಎಂದು ಕೇಳಿದರೆ ಅವನೂ ಸುಮ್ಮನಾಗುತ್ತಾನೆ, ಕೇಳಿದವರೂ ಸುಮ್ಮನಾಗಬೇಕಾಗುತ್ತದೆ. 'ಪದಾರ್ಥ'ವೆಂಬ ಶಬ್ದವನ್ನು ಬಿಡಿಸಿದರೆ ಪದದ ಅರ್ಥ. ಲೋಕದ ಬಳಕೆಯಲ್ಲಿ ಅದೇ ವಸ್ತು. ಪದಕ್ಕೆ ಅರ್ಥವೆಂದರೆ ಇನ್ನೊಂದು ಪದವಲ್ಲ, ಎದುರಿಗಿರುವ ವಸ್ತುವೇ ಎಂಬ ತಿಳಿವಳಿಕೆ ಆ ಶಬ್ದದ ಒಳಗೇ ಕುಳಿತಿದೆ. ಶಾಲೆಯಲ್ಲಿ ಮಾತ್ರ ಒಂದು ಪದಕ್ಕೆ ಮತ್ತೊಂದು ಪದವನ್ನು ಕೊಟ್ಟು, ಪಾಠ ಮುಗಿಯಿತೆಂದು ಗಂಟೆ ಬಾರಿಸುತ್ತಾರೆ. ಭಾಷೆಯನ್ನು ಕಲಿಸುವವರಿಗೆ ಇದು ವಿಜ್ಞಾನದವರ ತಲೆನೋವೆಂದು ತೋರಬಹುದು. ವಸ್ತುವನ್ನು ಕಾಣದ ಮಗುವಿನ ಕನ್ನಡವೂ ಬಡವಾಗುತ್ತದೆ ಎಂಬುದನ್ನು ಮೊದಲು ಅರಿಯಬೇಕಾದವರು ಅವರೇ.

ಕಡಲು ದೂರವಿದೆಯೆಂಬುದು ನಿಜ. ಆದರೆ ಅದರ ಪ್ರಾಣಿಗಳು ಬಹು ಹಿಂದೆಯೇ ಕಾಮಸಮುದ್ರದ ಮನೆಗಳನ್ನು ಹೊಕ್ಕಿವೆ. ದಾಸಯ್ಯನ ಕೈಯಲ್ಲಿ ಶಂಖವಿದೆ. ಚೌಕಾಬಾರದ ಮನೆಯ ಪಕ್ಕದಲ್ಲಿ ಕವಡೆಗಳಿವೆ. ಅಜ್ಜಿಯ ಹಳೆಯ ಸರದಲ್ಲಿ ಒಂದೆರಡು ಹವಳ, ಅದೃಷ್ಟವಿದ್ದರೆ ಒಂದು ಮುತ್ತು. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರಫೇನ. ಅಡುಗೆಮನೆಯಲ್ಲಿ ಉಪ್ಪು. ಸಂತೆಯಲ್ಲಿ ಒಣಮೀನಿನ ಸಾಲೂ ಉಂಟು. ಮಠದ ಶಾಲೆಯ ಮಕ್ಕಳನ್ನು ಆ ಸಾಲಿಗೆ ಕರೆದೊಯ್ಯಿರೆಂದು ಯಾರೂ ಹೇಳಲಾರರು, ಹೇಳದಿದ್ದರೂ ಕೆಲವು ಮಕ್ಕಳು ಅದನ್ನು ಬಲ್ಲರು. ಕಡಲಿನ ಪಾಠ ಇಲ್ಲಿಂದಲೇ ಆರಂಭವಾಗಬೇಕು. ಮಕ್ಕಳು ಮನೆಯಿಂದ ಕೇಳಿ ತಂದ ಈ ವಸ್ತುಗಳನ್ನು ಚಾಪೆಯ ಮೇಲೆ ಹರಡಿದರೆ ಅದೇ ಒಂದು ಸಣ್ಣ ಸಂಗ್ರಹಾಲಯ.

ಕವಡೆಯನ್ನು ತೆಗೆದುಕೊಳ್ಳಿ. ಅದು ಏಕೆ ಅಷ್ಟು ನುಣುಪು? ಕೆರೆಯ ಬಸವನಹುಳುವಿನ ಚಿಪ್ಪು ಕಲ್ಲಿಗೆ ತಾಗಿ ತಾಗಿ ಒರಟಾಗಿರುತ್ತದೆ. ಕವಡೆಯೂ ಬಸವನಹುಳುವಿನ ಕುಲದ್ದೇ. ಆದರೆ ಅದು ಬದುಕಿರುವಾಗ ತನ್ನ ಮೈಯ ತೆಳುವಾದ ಹೊದಿಕೆಯನ್ನು ಎರಡೂ ಕಡೆಯಿಂದ ಮೇಲಕ್ಕೆಳೆದುಕೊಂಡು ಚಿಪ್ಪನ್ನೇ ಮುಚ್ಚಿಕೊಳ್ಳುತ್ತದೆ. ಹೊಳಪು ಆ ಹೊದಿಕೆಯ ಕೆಲಸ. ಮಾಲ್ಡೀವ್ ದ್ವೀಪಗಳಿಂದ ಹಡಗುಗಳಲ್ಲಿ ಬಂದ ಕವಡೆಗಳು ನಮ್ಮ ದೇಶದಲ್ಲಿ ಬಹುಕಾಲ ಹಣವಾಗಿ ಚಲಾವಣೆಯಲ್ಲಿದ್ದವು. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂಬ ಮಾತು ಅಲ್ಲಿಂದ ಬಂದದ್ದು. ಆ ಮಾತನ್ನು ಬಲ್ಲ ಮಗು ಹುಳುವನ್ನು ಅರಿಯದೆ ಇರುವುದು ಸರಿಯೆ?

ಶಂಖದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಬಲಮುರಿ ಶಂಖವು ಅಪೂರ್ವವೆಂದೂ ಬೆಲೆಯುಳ್ಳದ್ದೆಂದೂ ಎಲ್ಲರೂ ಬಲ್ಲರು. ಪ್ರಾಣಿಶಾಸ್ತ್ರದ ಗ್ರಂಥದಲ್ಲಿ ಅದನ್ನೇ ಎಡಸುರುಳಿಯ ಶಂಖವೆಂದು ಬರೆದಿರುತ್ತದೆ. ಯಾರು ತಪ್ಪಿದರು? ಯಾರೂ ತಪ್ಪಲಿಲ್ಲ. ನಾವು ಶಂಖದ ಉದ್ದನೆಯ ಮೂತಿಯನ್ನು ಮೇಲೆ ಮಾಡಿ, ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿಯುತ್ತೇವೆ. ಆಗ ಸಾಮಾನ್ಯ ಶಂಖದ ಬಾಯಿ ಎಡಕ್ಕೆ, ಬಲಮುರಿಯದು ಬಲಕ್ಕೆ. ಪ್ರಾಣಿಶಾಸ್ತ್ರಜ್ಞರು ಸುರುಳಿಯ ತುದಿಯನ್ನು ಮೇಲೆ ಮಾಡಿ ಹಿಡಿಯುತ್ತಾರೆ. ಆಗ ಎಡಬಲಗಳು ಅದಲುಬದಲಾಗುತ್ತವೆ. ಹತ್ತು ವರ್ಷದ ಹುಡುಗಿ ಶಂಖವನ್ನು ತಲೆಕೆಳಗು ಮಾಡಿ ಹಿಡಿದು ಇದನ್ನು ತಾನೇ ಕಂಡುಕೊಳ್ಳಬಲ್ಲಳು. ಆಮೇಲೆ ಕೆರೆಯಂಚಿನಲ್ಲಿ ಆಯ್ದ ಬಸವನಹುಳುಗಳ ಚಿಪ್ಪುಗಳನ್ನೂ ಹಾಗೆಯೇ ಹಿಡಿದು ಎಣಿಸಲಿ: ಬಾಯಿ ಬಲಕ್ಕಿರುವುವು ಎಷ್ಟು, ಎಡಕ್ಕಿರುವುವು ಎಷ್ಟು. ಇದಕ್ಕಿಂತ ಒಳ್ಳೆಯ ಲೆಕ್ಕದ ಪಾಠ ಯಾವುದಿದೆ?

ಸಮುದ್ರಫೇನವೆಂದರೆ ಸಮುದ್ರದ ನೊರೆಯೆಂದು ಶಬ್ದಾರ್ಥ. ಅದು ನೊರೆಯಲ್ಲ. ಕರಾವಳಿಯವರು ಬೊಂಡಾಸ್ ಎನ್ನುವ ಪ್ರಾಣಿಯ ಹತ್ತಿರದ ನೆಂಟನೊಂದು ತನ್ನ ಬೆನ್ನಿನೊಳಗೆ ಇಟ್ಟುಕೊಂಡಿರುವ ಚಿಪ್ಪು ಅದು. ಪ್ರಾಣಿ ಸತ್ತ ಮೇಲೆ ತೇಲಿ ದಡಕ್ಕೆ ಬರುತ್ತದೆ. ಅದನ್ನು ನೀರಿನ ಬೋಗುಣಿಗೆ ಹಾಕಿದರೆ ತೇಲುತ್ತದೆ. ಉಗುರಿನಿಂದ ಕೆರೆದು ನೋಡಿದರೆ ಒಳಗೆ ಕಾಗದದಷ್ಟು ತೆಳುವಾದ ಪದರಗಳು, ಪದರಗಳ ನಡುವೆ ಸಣ್ಣ ಸಣ್ಣ ಕೋಣೆಗಳು. ಆ ಕೋಣೆಗಳಲ್ಲಿರುವ ಗಾಳಿಯನ್ನೂ ನೀರನ್ನೂ ಹೆಚ್ಚುಕಡಿಮೆ ಮಾಡಿಕೊಂಡು ಪ್ರಾಣಿಯು ಏಳುವುದು, ಇಳಿಯುವುದು. ನಿಂಬೆಯ ರಸದ ನಾಲ್ಕು ಹನಿ ಬಿಟ್ಟರೆ ಬುರುಬುರು ಗುಳ್ಳೆಯೇಳುತ್ತದೆ. ಸುಣ್ಣದ ಅಂಶವಿದೆಯೆಂಬುದಕ್ಕೆ ಅದೇ ಸಾಕ್ಷಿ. ಕೆಲವು ರೂಪಾಯಿಗಳ ಒಂದು ಬಿಲ್ಲೆಯಿಂದ ಮಗುವು ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಮುಟ್ಟಿತು. ಸಮುದ್ರಫೇನವೆಂಬ ಹೆಸರನ್ನು ಬಿಡಬೇಕಾಗಿಯೂ ಬರಲಿಲ್ಲ.

ಮುತ್ತಿನ ಪ್ರಸಂಗ ಬಂದಾಗ ಕಾವ್ಯ ಓದಿದ ಅಧ್ಯಾಪಕರು ತುಸು ಸಂಕಟಕ್ಕೆ ಸಿಲುಕುವುದುಂಟು. ಸ್ವಾತಿಯ ಮಳೆಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುವುದೆಂಬುದು ಕವಿಸಮಯ. ಚಿಪ್ಪಿನೊಳಗೆ ಹೊಕ್ಕ ಅನ್ಯವಸ್ತುವಿನ ಸುತ್ತ ಆ ಜೀವಿಯು ತನ್ನ ಚಿಪ್ಪಿಗೆ ಬಳಿಯುವ ಹೊಳಪಿನ ದ್ರವ್ಯವನ್ನೇ ಪದರ ಪದರವಾಗಿ ಸುತ್ತುವುದರಿಂದ ಮುತ್ತು ಆಗುವುದೆಂಬುದು ವಸ್ತುಸ್ಥಿತಿ. ಎರಡನ್ನೂ ಹೇಳಬಹುದು; ಯಾವುದು ಯಾವುದೆಂಬುದನ್ನು ಮಾತ್ರ ಮುಚ್ಚಿಡಬಾರದು. ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ಅದಕ್ಕೆ ದೊಡ್ಡವರಿಗಿರುವಷ್ಟು ಇಕ್ಕಟ್ಟಿಲ್ಲ.

ಇನ್ನು ಉಪ್ಪು. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 35 ಗ್ರಾಂ ತೂಗಿಸಿ ತಂದು ಒಂದು ಲೀಟರು ನೀರಿನಲ್ಲಿ ಕದಡಿ ನಾಲಗೆಯ ತುದಿಗೆ ಒಂದು ಹನಿ ಇಟ್ಟುಕೊಂಡರೆ, ಕಾಮಸಮುದ್ರದ ಮಗುವಿಗೆ ಕಡಲಿನ ರುಚಿ ಗೊತ್ತಾಯಿತು. ಕಡಲಿನ ನೀರಿನಲ್ಲಿ ಎಲ್ಲವೂ ತೇಲುತ್ತದೆಂದು ಮಕ್ಕಳು ಎಲ್ಲಿಯೋ ಕೇಳಿರುತ್ತಾರೆ. ಕೋಲಾರ ಸೀಮೆಯಲ್ಲಿ ಆಲೂಗಡ್ಡೆಗೆ ಬರವಿಲ್ಲ. ಒಂದನ್ನು ಆ ನೀರಿಗೆ ಬಿಡಲಿ. ಅದು ಮುಳುಗುತ್ತದೆ. ಉಪ್ಪು ಹಾಕುತ್ತ ಹೋಗಬೇಕು. ಮೊದಲಿನ ಅಳತೆಯ ಮೂರು ಪಟ್ಟು, ಕೆಲವು ಗಡ್ಡೆಗೆ ಅದಕ್ಕಿಂತಲೂ ಹೆಚ್ಚು ಸೇರಿದ ಮೇಲೆಯೇ ಅದು ಮೇಲಕ್ಕೇಳುವುದು. ಹೀಗೆ ಕೇಳಿದ್ದನ್ನು ಒರೆಗೆ ಹಚ್ಚಿ ನೋಡುವ ಅಭ್ಯಾಸ ಹತ್ತು ವರ್ಷಕ್ಕೇ ಬಂದರೆ ಆ ಮಗು ಮುಂದೆ ಯಾರ ಮಾತಿಗೂ ಸುಲಭವಾಗಿ ಮರುಳಾಗದು.

ಕೆರೆಯ ಮೀನನ್ನು ಕಡಲಿಗೆ ಬಿಟ್ಟರೆ ಏಕೆ ಸಾಯುತ್ತದೆಂಬ ಪ್ರಶ್ನೆಗೆ ಉತ್ತರವೂ ಅಡುಗೆಮನೆಯಲ್ಲಿಯೇ ಇದೆ. ಉಪ್ಪಿನಕಾಯಿಗೆಂದು ಹೋಳು ಮಾಡಿದ ಮಾವಿನಕಾಯಿಗೆ ಉಪ್ಪು ಸವರಿಟ್ಟರೆ ಮರುದಿನ ಹೋಳು ಮುದುರಿ ಜಾಡಿಯಲ್ಲಿ ನೀರು ನಿಂತಿರುತ್ತದೆ. ಒಣದ್ರಾಕ್ಷಿಯನ್ನು ಸಿಹಿನೀರಿಗೆ ಹಾಕಿದರೆ ಊದುತ್ತದೆ. ಉಪ್ಪೋ ಸಕ್ಕರೆಯೋ ಹೆಚ್ಚಿರುವ ಕಡೆಗೆ ನೀರು ಸೆಳೆಯಲ್ಪಡುವುದೆಂಬ ಒಂದೇ ನಿಯಮ ಎರಡರಲ್ಲಿಯೂ ಕೆಲಸಮಾಡಿತು. ಕೆರೆಯ ಮೀನಿನ ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತದೆ, ಅದು ಹೊರಹಾಕುತ್ತಲೇ ಇರಬೇಕು. ಕಡಲಿನ ಮೀನಿನ ಮೈಯಿಂದ ನೀರು ಸೋರುತ್ತಲೇ ಇರುತ್ತದೆ, ಅದು ಕುಡಿಯುತ್ತಲೇ ಇರಬೇಕು, ಕುಡಿದ ಉಪ್ಪನ್ನು ಕಿವಿರುಗಳಿಂದ ಹೊರದೂಡಬೇಕು. ತಾಯಂದಿರಿಗೆ ಈ ಶಾಸ್ತ್ರದ ಮೊದಲರ್ಧ ಆಗಲೇ ಗೊತ್ತಿದೆ.

ಆಳದ ವಿಷಯಕ್ಕೆ ಈ ಸೀಮೆಯಲ್ಲಿರುವಂಥ ದೃಷ್ಟಾಂತ ಬೇರೆಲ್ಲಿಯೂ ಇಲ್ಲ. ಕಾಮಸಮುದ್ರಕ್ಕೆ ನೆರೆಯಾದ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರು. ಅಷ್ಟು ಕೆಳಗೆ ಇಳಿದು ಬಂದ ತಾತಂದಿರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಭೂಮಂಡಲದ ಕಡಲುಗಳ ಸರಾಸರಿ ಆಳ ಸುಮಾರು 3.7 ಕಿಲೋಮೀಟರು, ಎಂದರೆ ಗಣಿಯ ತಳಕ್ಕಿಂತಲೂ ಇನ್ನೊಂದಿಷ್ಟು ಕೆಳಗೆ. ತರಗತಿಯ ಗೋಡೆಯ ಮೇಲೆ ದಾರವೊಂದನ್ನು ಇಳಿಬಿಟ್ಟು ನೂರು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಅಳೆದರೆ ಗಣಿ 32 ಸೆಂಟಿಮೀಟರು. ಕಡಲಿನ ಸರಾಸರಿ 37. ಕಡಲಿನ ಅತ್ಯಂತ ಆಳದ ತಾಣ ಸುಮಾರು 110, ಮಗುವಿನ ಎದೆಯ ಎತ್ತರ. ಸಸಿಗಳು ಬದುಕುವಷ್ಟು ಬೆಳಕು ಇಳಿಯುವುದು ಬಹಳವೆಂದರೆ 200 ಮೀಟರು, ದಾರದ ಮೇಲೆ ಎರಡೇ ಸೆಂಟಿಮೀಟರು! ಮಿಕ್ಕದ್ದೆಲ್ಲ ಕತ್ತಲೆ. ಗಣಿಯ ತಳದಲ್ಲಿ ಬಂಡೆ ಸುಡುತ್ತಿತ್ತು. ಕಡಲ ತಳದಲ್ಲಿ ನೀರು ಮಂಜಿನ ಹತ್ತಿರದ ತಣ್ಪು. ಆ ಕತ್ತಲೆಯಲ್ಲಿಯೂ ಮೈಯಿಂದ ತಾವೇ ಬೆಳಕು ಬೀರುವ ಮೀನುಗಳಿವೆಯೆಂದು ಹೇಳಿದಾಗ, ತಲೆಯ ಮೇಲೆ ದೀಪ ಕಟ್ಟಿಕೊಂಡು ಇಳಿಯುತ್ತಿದ್ದ ತಾತನ ಮೊಮ್ಮಗ ಅದನ್ನು ಚಿತ್ರದ ಸಹಾಯವಿಲ್ಲದೆಯೇ ಕಾಣಬಲ್ಲನು.

ಮನೆಯ ಪಾಠ ಮುಗಿದ ಮೇಲೆ ಕೆರೆ. ಕೆರೆಯಂಚಿನಲ್ಲಿ ಮಕ್ಕಳನ್ನು ಕೂರಿಸಿ, ಹಳೆಯ ಟೀ ಸೋಸುವ ಜಾಲರಿಯನ್ನು ಕೋಲಿಗೆ ಕಟ್ಟಿ, ಬಿಳಿಯ ಬಟ್ಟಲಿನಲ್ಲಿ ನೀರಿಟ್ಟು, ಅದರಲ್ಲಿ ಸಿಕ್ಕಿದ್ದನ್ನು ಬಿಡಬೇಕು. ಗೊದಮೊಟ್ಟೆ, ಬಸವನಹುಳು, ಕೊಡತಿಹುಳುವಿನ ಹಾಗೆ ಕಂಡು ದವಡೆಯನ್ನು ಮುಂದಕ್ಕೆ ಚಾಚಿ ಬೇಟೆಯಾಡುವ ಏರೋಪ್ಲೇನ್ ಚಿಟ್ಟೆಯ ಮರಿ, ನೀರಿನ ಮೇಲೆ ಕಾಲು ಚೆಲ್ಲಿ ಓಡುವ ಹುಳು. ಈ ಕೊನೆಯದನ್ನು ಮರೆಯಬಾರದು. ನೆಲವನ್ನೆಲ್ಲ ಆಳುತ್ತಿರುವ ಕೀಟಕುಲವು ಕಡಲಿಗೆ ಮಾತ್ರ ಸೋತಿದೆ. ತೆರೆದ ಕಡಲಿನ ಮೇಲೆ ಬಾಳುವ ಕೀಟಗಳು ಇಡೀ ಜಗತ್ತಿನಲ್ಲಿ ಐದೇ ಜಾತಿ, ಅವು ಐದೂ ಕೆರೆಯ ಮೇಲೆ ಓಡುವ ಈ ಹುಳುವಿನ ದಾಯಾದಿಗಳು.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಏಡಿ. ಈ ಭಾಗದ ಮಕ್ಕಳ ಮನೆಮಾತು ಒಂದೇ ಅಲ್ಲ. ಒಬ್ಬ ಏಡಿಯೆಂದರೆ ಇನ್ನೊಬ್ಬ ಎಂಡ್ರಕಾಯ ಎನ್ನುತ್ತಾನೆ, ಮೂರನೆಯವಳು ನಂಡು ಎನ್ನುತ್ತಾಳೆ. ಮೂರನ್ನೂ ಕರಿಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿ ಬರೆಯುವ ಕನ್ನಡ ಅಧ್ಯಾಪಕರಿಂದ ಕನ್ನಡಕ್ಕೆ ಯಾವ ಹಾನಿಯೂ ಇಲ್ಲ. ಮೊದಲು ಪುಸ್ತಕ ನೋಡದೆ ಏಡಿಯ ಚಿತ್ರ ಬರೆಯಿರೆಂದು ಹೇಳಬೇಕು. ಗದ್ದೆಯ ಬದುವಿನಲ್ಲಿ ದಿನವೂ ಏಡಿಯನ್ನು ಕಾಣುವ ಮಗು ಆರು ಕಾಲು ಬರೆಯುತ್ತದೆ, ಎಂಟು ಬರೆಯುತ್ತದೆ. ಆಮೇಲೆ ಏಡಿಯನ್ನು ಬಟ್ಟಲಿನಲ್ಲಿಟ್ಟು ಎಣಿಸಿದರೆ ಕೊಂಡಿಗಳೆರಡು ಸೇರಿ ಹತ್ತು. ಹೊಟ್ಟೆಯ ಕಡೆ ತಿರುಗಿಸಿದರೆ ಮಡಚಿಟ್ಟ ಒಂದು ಪಟ್ಟಿ ಕಾಣುತ್ತದೆ. ಗಂಡಿನದು ಕಿರಿದು, ಹೆಣ್ಣಿನದು ಅಗಲ. ಆ ಅಗಲದ ಪಟ್ಟಿಯ ಕೆಳಗೆ ತಾಯಿ ಮೊಟ್ಟೆಗಳನ್ನು ಹೊರುತ್ತಾಳೆ. ಮಳೆಗಾಲದಲ್ಲಿ ಅದೃಷ್ಟವಿದ್ದರೆ ಸಾಸಿವೆಗಿಂತ ತುಸು ದೊಡ್ಡದಾದ ಪುಟ್ಟ ಏಡಿಗಳೇ ಅಲ್ಲಿ ಕಾಣಸಿಗುತ್ತವೆ, ಹತ್ತೂ ಕಾಲುಗಳೊಡನೆ.

ಇಲ್ಲಿಯೇ ಕಡಲಿನ ಬಾಗಿಲು ತೆರೆಯುತ್ತದೆ. ಕಡಲಿನ ಏಡಿ ಹೀಗೆ ಮಾಡುವುದಿಲ್ಲ. ಅದು ಲಕ್ಷಗಟ್ಟಲೆ ಮೊಟ್ಟೆ ಹೊತ್ತು, ಒಡೆಯುವ ಕಾಲಕ್ಕೆ ನೀರಿಗೆ ಬಿಟ್ಟುಬಿಡುತ್ತದೆ. ಹೊರಬರುವ ಮರಿಗೆ ತಾಯಿಯ ರೂಪವಿಲ್ಲ. ತಲೆಯ ಮೇಲೊಂದು ಮುಳ್ಳು, ದೊಡ್ಡ ಕಣ್ಣು, ಬಾಲ. ಅಲೆಗಳ ಮೇಲೆ ತೇಲುತ್ತ, ಮತ್ತೆ ಮತ್ತೆ ಪೊರೆ ಕಳಚುತ್ತ, ಹಲವು ವಾರಗಳಾದ ಮೇಲೆ ಅದು ಏಡಿಯಾಗುತ್ತದೆ. ಬಹುಪಾಲು ಮರಿಗಳು ಅಷ್ಟರೊಳಗೆ ಯಾರದೋ ಆಹಾರವಾಗಿರುತ್ತವೆ. ಸಿಹಿನೀರಿನ ಏಡಿಗೆ ಮೊಟ್ಟೆಗಳು ಕೆಲವೇ ಕೆಲವು, ಆದರೆ ದೊಡ್ಡವು; ಅದರ ಮರಿಯ ಅಲೆದಾಟವೆಲ್ಲ ಮೊಟ್ಟೆಯೊಳಗೇ ಮುಗಿದುಹೋಗಿರುತ್ತದೆ. ಏಕೆ ಈ ಭೇದ? ಹರಿಯುವ ನೀರಿಗೆ, ಒಣಗುವ ಕೆರೆಗೆ ಬಿಟ್ಟ ಮರಿ ಉಳಿಯದು. ಇದನ್ನು ಅಧ್ಯಾಪಕರು ಹೇಳಬೇಕಾಗಿಯೇ ಇಲ್ಲ. ಬೇಸಗೆಯಲ್ಲಿ ಕೆರೆ ಬತ್ತುವುದನ್ನು ಕಂಡ ಮಗು ತಾನೇ ಹೇಳುತ್ತದೆ.

ಕೈಯಿಂದ ಮುಟ್ಟಿ ಕಲಿಯುವ ಈ ಕ್ರಮ ಇಂದಿನದಲ್ಲ. 1873ರ ಬೇಸಗೆಯಲ್ಲಿ ಅಮೆರಿಕದ ಪೆನಿಕೀಸ್ ಎಂಬ ಸಣ್ಣ ದ್ವೀಪದಲ್ಲಿ ಲೂಯಿ ಅಗಾಸಿ ಎಂಬ ಪ್ರಾಣಿಶಾಸ್ತ್ರಜ್ಞನು ಶಾಲೆಯೊಂದನ್ನು ತೆರೆದನು. ವಿದ್ಯಾರ್ಥಿಗಳು ಮಕ್ಕಳಲ್ಲ, ಮಕ್ಕಳಿಗೆ ಕಲಿಸುವ ಅಧ್ಯಾಪಕರು; ಸ್ತ್ರೀಯರೂ ಪುರುಷರೂ ಸೇರಿ ಸುಮಾರು ಐವತ್ತು ಮಂದಿ. ದಾನಿಗಳಾದ ಓದುಗರಿಗೆ ಒಂದು ವಿವರ ರುಚಿಸೀತು: ಆ ದ್ವೀಪವನ್ನೂ ಐವತ್ತು ಸಾವಿರ ಡಾಲರುಗಳನ್ನೂ ಕೊಟ್ಟವನು ಜಾನ್ ಆಂಡರ್ಸನ್ ಎಂಬ ಒಬ್ಬ ವರ್ತಕ. ಪುಸ್ತಕವನ್ನು ಬದಿಗಿಟ್ಟು ಪ್ರಕೃತಿಯನ್ನೇ ಓದಬೇಕೆಂಬುದು ಅಗಾಸಿಯ ನಿಯಮ. ಅದಕ್ಕೆ ಮುಂಚೆ ಹಾರ್ವರ್ಡಿನಲ್ಲಿ, ಕೀಟಗಳನ್ನು ಅಭ್ಯಾಸಮಾಡಲೆಂದು ಬಂದ ಸ್ಯಾಮುಯೆಲ್ ಸ್ಕಡರ್ ಎಂಬ ಶಿಷ್ಯನ ಮುಂದೆ ಅವನು ಮದ್ಯಸಾರದಲ್ಲಿಟ್ಟ ಒಂದು ಮೀನನ್ನು ಇರಿಸಿ ನೋಡೆಂದು ಹೇಳಿ ಹೊರಟುಹೋದನು. ಭೂತಗನ್ನಡಿಯಿಲ್ಲ, ಉಪಕರಣವಿಲ್ಲ, ಬೇರೆ ಮೀನಿಲ್ಲ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿಯಾಯಿತೆಂದುಕೊಂಡ ಶಿಷ್ಯನು ಬೇಸತ್ತು ಚಿತ್ರ ಬರೆಯತೊಡಗಿದಾಗ ಅದುವರೆಗೆ ಕಾಣದ್ದು ಕಾಣತೊಡಗಿತು. ಹೀಗೆ ಮೂರು ದಿನ. ನಮ್ಮಲ್ಲಿಯೂ ಒಂದೇ ಸೂತ್ರವನ್ನು ಮೂರು ದಿನ ಹಿಡಿದು ಕೂರಿಸುತ್ತಿದ್ದ ಗುರುಗಳಿದ್ದರು. ಅವರ ಮನೆಯಲ್ಲಿ ಮೀನಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಗಾಸಿಯ ಮತಗಳೆಲ್ಲವೂ ಒಪ್ಪತಕ್ಕವಲ್ಲ. ಡಾರ್ವಿನ್ನನ ವಿಕಾಸವಾದವನ್ನು ಆತ ಕೊನೆಯವರೆಗೂ ಒಪ್ಪಲಿಲ್ಲ. ಮಾನವಕುಲಗಳ ವಿಷಯದಲ್ಲಿ ಆತ ಬರೆದದ್ದು ಖಂಡನೀಯ. ಕಲಿಸುವ ರೀತಿ ಮಾತ್ರ ಉಳಿಯಿತು. 1873ರ ಡಿಸೆಂಬರಿನಲ್ಲಿ ಅವನು ತೀರಿಕೊಂಡನು, ಶಾಲೆ ಎರಡನೆಯ ಬೇಸಗೆಗೆ ಮುಗಿಯಿತು.

ಕನ್ನಡದಲ್ಲಿ ಈ ದಾರಿಯನ್ನು ನೆನೆದಾಗ ಶಿವರಾಮ ಕಾರಂತರನ್ನು ಬಿಟ್ಟು ಮುಂದೆ ಹೋಗಲಾಗದು. ಕಡಲ ಮಗ್ಗುಲಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಅವರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಒಬ್ಬ ಲೇಖಕ ಒಂಟಿಯಾಗಿ ಮಕ್ಕಳಿಗಾಗಿ ವಿಶ್ವಕೋಶವನ್ನು ಬರೆದದ್ದು ಸಾಮಾನ್ಯ ಸಾಹಸವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಸರ್ಕಾರಿ ಶಾಲೆಯ ಕೆಳಗಿನ ತರಗತಿಗಳಿಗೆ ಚಟುವಟಿಕೆಯನ್ನು ತಂದಿತು. ಕಾಮಸಮುದ್ರಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಅದೇ ರೈಲುದಾರಿಯಲ್ಲಿ ಮುಂದಕ್ಕೆ ಸಾಗಿದರೆ ಸಿಗುವ ಕುಪ್ಪಂ ಸೀಮೆ. ಅಲ್ಲಿಯ ಗುಡಿವಂಕದಲ್ಲಿ 1999ರಲ್ಲಿ ಸ್ಥಾಪಿತವಾದ ಅಗಸ್ತ್ಯ ಪ್ರತಿಷ್ಠಾನದ ವಿದ್ಯಾಕೇಂದ್ರವಿದೆ. ಬೋಳು ನೆಲ ಹಸಿರಾಗಿದೆ. ಸಂಚಾರಿ ಪ್ರಯೋಗಾಲಯದ ವಾಹನಗಳು ಹಳ್ಳಿಯ ಶಾಲೆಗಳಿಗೆ ಹೋಗಿ ಅಗ್ಗದ ವಸ್ತುಗಳಿಂದ ಮಾಡಿದ ಮಾದರಿಗಳನ್ನು ಮಕ್ಕಳ ಕೈಗೇ ಕೊಡುತ್ತವೆ. ಸಮುದ್ರವನ್ನು ಕುಡಿದ ಋಷಿಯ ಹೆಸರನ್ನು ಅದಕ್ಕೆ ಇಟ್ಟಿರುವುದು ಈ ಲೇಖನದ ವಿಷಯಕ್ಕೆ ಚೆನ್ನಾಗಿಯೇ ಒದಗಿಬಂದಿದೆ.

ಆದರೆ ಕೆರೆಯಂಚಿಗೆ ಮಕ್ಕಳನ್ನು ಕರೆದೊಯ್ಯುವುದೆಂದರೆ ಹೊಣೆಯ ಕೆಲಸ. ಈ ಸೀಮೆಯ ಹೊಲಗಳಲ್ಲಿ ಈಗ ಎಲ್ಲೆಲ್ಲಿಯೂ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳಿವೆ. ಅವುಗಳ ಅಂಚು ಜಾರುತ್ತದೆ. ಒಳಗೆ ಬಿದ್ದ ಮ��ು ಹತ್ತಿಬರಲಾರದು. ಎಷ್ಟೋ ಮನೆಗಳ ದೀಪ ಹೀಗೆ ಆರಿದೆ. ಪಾಠಕ್ಕೆ ಅಂಥ ಹೊಂಡದ ಹತ್ತಿರವೂ ಸುಳಿಯಕೂಡದು. ಮೆಟ್ಟಿಲಿರುವ, ಮೊಣಕಾಲಿಗಿಂತ ಕಡಿಮೆ ನೀರಿರುವ ದಡವೇ ಆಗಬೇಕು. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಬೇಕು.

ನೀರಿನ ಗುಣವೂ ಮೊದಲಿನದಲ್ಲ. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದ ಈ ಜಿಲ್ಲೆಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ತ್ಯಾಜ್ಯನೀರು ಎರಡು ಹಂತದ ಶುದ್ಧೀಕರಣದ ಬಳಿಕ ಹರಿದುಬರುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿವೆ, ಬಾವಿಗಳಲ್ಲಿ ನೀರು ಏರಿದೆ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಕೇಳುವವರ ಮಾತನ್ನು ಅಲ್ಲಗಳೆಯುವಂತಿಲ್ಲ. ಅಂಥ ಕೆರೆಯಲ್ಲಿ ಮಗುವಿನ ಕೈ ಅದ್ದಿಸಬಾರದು. ಮಳೆನೀರಿನ ಕುಂಟೆಯೋ ಗದ್ದೆಯ ಕಾಲುವೆಯೋ ಸಾಕು. ಅದಾದ ಮೇಲೂ ಸಾಬೂನಿನಿಂದ ಕೈ ತೊಳೆಯಿಸಬೇಕು. ಕಡಲಿನ ಪಾಠಕ್ಕೆಂದು ಹೊರಟ ಮಗುವಿಗೆ ತನ್ನ ಊರಿನ ಕೆರೆಯನ್ನು ಏಕೆ ಮುಟ್ಟಬಾರದೆಂಬ ಪ್ರಶ್ನೆ ಹುಟ್ಟುವುದು ಸಹಜ. ಆ ಪ್ರಶ್ನೆಗೆ ಪಠ್ಯಕ್ರಮದಲ್ಲಿ ಸ್ಥಳವಿಲ್ಲವೆಂದು ಅಧ್ಯಾಪಕರು ಜಾರಿಕೊಂಡರೆ ಅದುವರೆಗಿನ ಪಾಠವೆಲ್ಲ ಸುಳ್ಳಾಗುತ್ತದೆ.

ಜೀವದಯೆಯ ಮಾತು ಈ ಸಂಪುಟದ ಓದುಗರಿಗೆ ಹೊಸದಲ್ಲ. ಹಿಡಿದ ಪ್ರಾಣಿಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು. ಏಡಿಯನ್ನು ನೋಡಲು ಎತ್ತಿದ ಕಲ್ಲನ್ನು ಇದ್ದಂತೆಯೇ ಇಡಬೇಕು, ಏಕೆಂದರೆ ಅದರ ಅಡಿಯಲ್ಲಿ ಇನ್ನೂ ಹತ್ತು ಸಂಸಾರಗಳಿವೆ. ಶೀಸೆಯಲ್ಲಿ ಸತ್ತ ಜೀವಿಯನ್ನು ತುಂಬಿ ಬೀರುವಿನಲ್ಲಿ ಸಾಲಾಗಿಡುವುದು ಪ್ರಾಥಮಿಕ ಶಾಲೆಗೆ ತಕ್ಕುದಲ್ಲ. ಹವಳದ ಜೀವಿಗಳನ್ನೂ ಕಡಲಕುದುರೆಯನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿಸಲಾಗಿದೆ. ಅಂಗಡಿಯಲ್ಲಿ ಕಂಡರೂ ಕೊಳ್ಳಬಾರದು.

ಇಷ್ಟಾದ ಮೇಲೆ ಒಮ್ಮೆ ನಿಜವಾದ ಕಡಲು. ಚೆನ್ನೈ ಇಲ್ಲಿಂದ ರೈಲಿನಲ್ಲಿ 300 ಕಿಲೋಮೀಟರಿಗೆ ತುಸು ಕಡಿಮೆ. ಬಂಗಾರಪೇಟೆಯ ಸುತ್ತಣ ನೆಲ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ರೈಲುನಿಲ್ದಾಣಗಳ ಹಳದಿ ಫಲಕಗಳಲ್ಲಿ ಊರಿನ ಹೆಸರಿನೊಡನೆ ಸಮುದ್ರಮಟ್ಟದಿಂದ ಅದರ ಎತ್ತರವನ್ನೂ ಬರೆಯುವ ಪದ್ಧತಿಯುಂಟು. ಮಕ್ಕಳು ದಾರಿಯುದ್ದಕ್ಕೂ ಆ ಅಂಕಿಗಳನ್ನು ಬರೆದುಕೊಳ್ಳುತ್ತ ಹೋದರೆ ತಾವು ಕಡಲಿಗೆ ಇಳಿಯುತ್ತಿದ್ದೇವೆಂಬುದು ಅವರಿಗೇ ಗೊತ್ತಾಗುತ್ತದೆ. ಮರಳದಂಡೆಯಲ್ಲಿ ಬಿಲ ತೋಡಿ ಉಂಡೆ ಉಂಡೆಯಾಗಿ ಮರಳನ್ನು ಹೊರಗೆಸೆಯುವ ಏಡಿಗಳನ್ನು ಅಲ್ಲಿ ಕಾಣಬಹುದು. ಹತ್ತು ಕಾಲುಗಳನ್ನು ಎಣಿಸಿದ ಮಕ್ಕಳಿಗೆ ಅವು ಹೊಸಬರಲ್ಲ. ಬಂಡೆಗಳ ನಡುವಣ ನೀರಿನ ಹೊಂಡಗಳನ್ನು, ಅವುಗಳಲ್ಲಿ ಕಲ್ಲಿಗೆ ಕಚ್ಚಿಕೊಂಡು ಬಾಳುವ ಜೀವಿಗಳನ್ನು ಕಾಣಬೇಕೆಂದರೆ ನಮ್ಮದೇ ಪಶ್ಚಿಮ ಕರಾವಳಿ ಲೇಸು. ಚೆನ್ನೈ ಕಡೆ ಉಬ್ಬರವಿಳಿತದ ಅಂತರ ಒಂದು ಮೀಟರಿನ ಆಸುಪಾಸು. ಕಾರವಾರದ ಕಡೆ ಅದಕ್ಕಿಂತ ಹೆಚ್ಚು, ಇಳಿತದಲ್ಲಿ ಹೆಚ್ಚು ಬಂಡೆ ಬಯಲಾಗುತ್ತದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಕಡಲಜೀವಶಾಸ್ತ್ರದ ವಿಭಾಗವೂ ಇದೆ. ಅಲ್ಲಿಯ ಬೆಸ್ತರ ಮಕ್ಕಳಿಂದ ಬಂಗುಡೆ, ತಾರ್ಲೆ, ಕಪ್ಪೆಚಿಪ್ಪು ಮೊದಲಾದ ಹೆಸರುಗಳನ್ನು ಕೇಳಿ ಬರೆದುಕೊಂಡರೆ ಒಳನಾಡಿನ ಮಗುವಿನ ಕನ್ನಡಕ್ಕೆ ಅದೊಂದು ಸಂಪಾದನೆ.

ದಾನಿಗಳು ಶಾಲೆಗೆ ಕೋಣೆ ಕಟ್ಟಿಸಿಕೊಡುತ್ತಾರೆ, ಗೋಡೆಯಲ್ಲಿ ಶಿಲಾಫಲಕ ಕೂರುತ್ತದೆ, ಅದು ಆಗಬೇಕಾದದ್ದೇ. ಮೂವತ್ತು ಮಕ್ಕಳ ರೈಲಿನ ಚೀಟಿಗೆ ಫಲಕ ಹಾಕಿಸಲಾಗದು, ಆದುದರಿಂದ ಅದಕ್ಕೆ ಹಣ ಹುಟ್ಟುವುದು ಕಷ್ಟ. ಹೆಚ್ಚಿಗೆ ಏನೂ ಬೇಡ. ಬಿಳಿಯ ಬಟ್ಟಲು, ಜಾಲರಿ, ತಕ್ಕಡಿ, ನಾಲ್ಕಾರು ಭೂತಗನ್ನಡಿ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಲೋಕಕ್ಕೆ ತೋರಿಸಿದ ಕಾಗದದ ಸೂಕ್ಷ್ಮದರ್ಶಕವನ್ನು ಮಕ್ಕಳೇ ಮಡಚಿ ಜೋಡಿಸಬಹುದು. ಅದರಲ್ಲಿ ಕುಂಟೆಯ ಹಸಿರು ನೀರಿನ ಒಂದು ಹನಿಯನ್ನು ನೋಡಿದವರಿಗೆ, ಭೂಮಿಯಲ್ಲಿ ಬಿಸಿಲನ್ನು ಆಹಾರವಾಗಿಸುವ ಕೆಲಸದ ಸುಮಾರು ಅರ್ಧವನ್ನು ಕಡಲಿನ ಇಂಥವೇ ಕಾಣದ ಸಸಿಗಳು ಮಾಡುತ್ತಿವೆಯೆಂದು ಹೇಳಿದರೆ ಅವರು ನಂಬುತ್ತಾರೆ.

ಹೊರಡುವ ದಿನವನ್ನು ಗೊತ್ತುಮಾಡಲು ಪಂಚಾಂಗ ಬೇಕು. ಇದು ಶಕುನದ ಮಾತಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯಚಂದ್ರರ ಸೆಳೆತ ಒಂದುಗೂಡಿ ಉಬ್ಬರವೂ ಇಳಿತವೂ ಹೆಚ್ಚಾಗಿರುತ್ತವೆ. ಅಷ್ಟಮಿಯ ಸುಮಾರಿಗೆ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ತಿಥಿಯನ್ನು ನೋಡಿಕೊಂಡು ಹೋದರೆ ಬಂಡೆಗಳು ಬಯಲಾಗಿರುತ್ತವೆ, ಅಷ್ಟಮಿಯಂದು ಹೋದರೆ ಮಕ್ಕಳು ಅಲೆಗಳನ್ನು ಮಾತ್ರ ನೋಡಿ ಹಿಂದಿರುಗಬೇಕಾಗುತ್ತದೆ. ತಿಥಿ ನಿರ್ಣಯ ಶಾಲೆಯ ಪಂಡಿತರದು. ರೈಲಿನ ವೇಳೆ ವಿಜ್ಞಾನದ ಅಧ್ಯಾಪಕರದು. ಬುತ್ತಿ ದಾಸೋಹದ ಮನೆಯದು.